ಪ್ರೆಸೆಂಟ್ ಪರ್ಫೆಕ್ಟ್ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರಿಗಾಗಿ ಬರೆದ ಪುಟ ಇದು. ಮಕ್ಕಳ ಗ್ರಾಮರ್ ಪುಸ್ತಕ ಹಿಡಿದು ರಾತ್ರಿ ಕೂರುವ ಅಪ್ಪ ಅಮ್ಮಂದಿರಿಗೂ ಉಪಯೋಗವಾಗಬಹುದು. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲೇ ಬರೆಯಿರಿ.

ಈ ಪಾಠವನ್ನು ಎಲ್ಲಿಂದ ಶುರು ಮಾಡಬೇಕು?

‘ಇಲ್ಲ’ ಎನ್ನುವಲ್ಲಿಂದ.

“ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ವಿ-3 (ಕ್ರಿಯಾಪದದ ಮೂರನೇ ರೂಪ)” ಎಂದು ಸೂತ್ರ ಬರೆದು, ಹತ್ತು ವಾಕ್ಯ ಕೊಟ್ಟು ಪಾಠ ಮುಗಿಸುವುದು ರೂಢಿ. ಸೂತ್ರ ಮಕ್ಕಳಿಗೆ ಬರುತ್ತದೆ. ಅದನ್ನು ಯಾವಾಗ ಬಳಸಬೇಕು ಎನ್ನುವುದು ಬರುವುದಿಲ್ಲ. ವಿಚಿತ್ರವೆಂದರೆ ಆ ‘ಯಾವಾಗ’ ಅವರ ಬಾಯಲ್ಲಿ ಆಗಲೇ ಇದೆ, ಕನ್ನಡದಲ್ಲಿ.

ಕೊಪ್ಪದ ಬಸ್ಸಿಗೆ ಕಾಯುತ್ತಾ ನಿಂತ ಹುಡುಗಿಯನ್ನು ಕೇಳಿ ನೋಡಿ. “ಬಸ್ ಇನ್ನೂ ಬಂದಿಲ್ಲ ಸಾರ್” ಅನ್ನುತ್ತಾಳೆ. ಅದೇ ಹುಡುಗಿ ಮರುದಿನ ಗೈರುಹಾಜರಿಗೆ ಕಾರಣ ಹೇಳುವಾಗ “ನಿನ್ನೆ ಬಸ್ಸೇ ಬರ್ಲಿಲ್ಲ ಸಾರ್” ಅನ್ನುತ್ತಾಳೆ. ಬಂದಿಲ್ಲ ಅಂದಾಗ ಅವಳು ಇನ್ನೂ ಕಾಯುತ್ತಿದ್ದಾಳೆ, ಬಸ್ ಬಂದರೂ ಬರಬಹುದು. ಬರಲಿಲ್ಲ ಅಂದಾಗ ಆ ಕಥೆ ಮುಗಿದಿದೆ. ಮೊದಲನೆಯದು “ದಿ ಬಸ್ ಹ್ಯಾಸಂಟ್ ಕಮ್”. ಎರಡನೆಯದು “ದಿ ಬಸ್ ಡಿಡಂಟ್ ಕಮ್”. ಈ ವ್ಯತ್ಯಾಸವನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಅವಳು ಹೆಚ್ಚುಕಡಿಮೆ ತಪ್ಪುವುದೇ ಇಲ್ಲ.

ಬೋರ್ಡಿನ ಮೇಲೆ ಜೋಡಿಗಳನ್ನು ಬರೆಯಿರಿ: ತಿಂದಿಲ್ಲ–ತಿನ್ನಲಿಲ್ಲ, ಓದಿಲ್ಲ–ಓದಲಿಲ್ಲ, ಕೊಟ್ಟಿಲ್ಲ–ಕೊಡಲಿಲ್ಲ, ನೋಡಿಲ್ಲ–ನೋಡಲಿಲ್ಲ. ಪ್ರತಿಯೊಂದನ್ನೂ ಎಲ್ಲಿ ಹೇಳುತ್ತೀರಿ ಎಂದು ಮಕ್ಕಳನ್ನೇ ಕೇಳಿ. “ಅಜ್ಜಿ ಮಾತ್ರೆ ತಗೊಂಡಿಲ್ಲ” ಅಂದರೆ ಮನೆಯವರು ಈಗ ಏನು ಮಾಡುತ್ತಾರೆ? “ಅಜ್ಜಿ ನಿನ್ನೆ ರಾತ್ರಿ ಮಾತ್ರೆ ತಗೊಳ್ಳಲಿಲ್ಲ” ಅಂದರೆ? ಇಷ್ಟು ಚರ್ಚೆ ಆದ ಮೇಲೆ ಇಂಗ್ಲಿಷ್ ವಾಕ್ಯ ಕೊಟ್ಟರೆ ಸೂತ್ರಕ್ಕೆ ಕೂರಲು ಒಂದು ಜಾಗ ಇರುತ್ತದೆ.

ಬಂದಿದೆ, ಬಂತು ಎಂಬ ಜೋಡಿಯಿಂದಲೇ ಶುರು ಮಾಡಬಾರದೇ?

ಮಾಡಬಹುದು, ಆದರೆ ಅಲ್ಲಿ ಗೆರೆ ಅಷ್ಟು ಸ್ಪಷ್ಟವಿಲ್ಲ. ತಿರುವಿನಲ್ಲಿ ಬಸ್ ಕಂಡ ಕೂಡಲೇ ನಾವು “ಬಸ್ ಬಂತು!” ಅನ್ನುತ್ತೇವೆ, ಅದು ಇನ್ನೂ ನಿಲ್ದಾಣ ಮುಟ್ಟಿರುವುದಿಲ್ಲ. ಹನಿ ಬಿದ್ದ ಕೂಡಲೇ “ಮಳೆ ಬಂತು” ಅಂತ ಅಂಗಳಕ್ಕೆ ಓಡುತ್ತೇವೆ. “ಊಟ ಆಯ್ತಾ?” ಎಂದು ಕೇಳುವಾಗಲೂ ಕ್ರಿಯಾಪದ ಭೂತಕಾಲದ್ದೇ, ಕೇಳುತ್ತಿರುವುದು ಮಾತ್ರ ಈಗಿನ ಹೊಟ್ಟೆಯ ವಿಷಯ. ಅಂದರೆ ‘ಹೌದು’ ಎನ್ನುವ ಕಡೆ ಕನ್ನಡದ ಸರಳ ಭೂತಕಾಲ ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟಿನ ಸ್ವಲ್ಪ ಜಾಗವನ್ನೂ ತಾನೇ ಹಿಡಿದುಕೊಂಡಿದೆ. ‘ಇಲ್ಲ’ದ ಕಡೆ ಎರಡೂ ಹೆಚ್ಚು ದೂರ ನಿಲ್ಲುತ್ತವೆ. ಅದಕ್ಕೇ ಅಲ್ಲಿಂದ ಶುರು.

ಕನ್ನಡ ಬಳಸಿ ಇಂಗ್ಲಿಷ್ ಕಲಿಸಿದರೆ ಮಕ್ಕಳು ಕನ್ನಡದಲ್ಲೇ ಯೋಚಿಸುವುದಿಲ್ಲವೇ?

ನೀವು ಬಳಸದಿದ್ದರೂ ಅವರು ಕನ್ನಡದಲ್ಲೇ ಯೋಚಿಸುತ್ತಾರೆ. ನಿಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಪಾಠಕ್ಕೆ ಮೊದಲು ಏನೇನು ಬರಬೇಕು?

ಸಿಂಪಲ್ ಪಾಸ್ಟ್ ಗಟ್ಟಿಯಾಗಿರಬೇಕು. “ಡಿಡ್ ಯು ಗೋ?” “ಐ ಡಿಡಂಟ್ ಗೋ” ಎನ್ನಲು ಇನ್ನೂ ತಡವರಿಸುವ ಮಗುವಿಗೆ ಪರ್ಫೆಕ್ಟ್ ಕೊಟ್ಟರೆ ಎರಡೂ ಕೆಡುತ್ತವೆ, “ಐ ಡಿಡಂಟ್ ಗಾನ್” ಎಂಬಂಥ ವಾಕ್ಯಗಳು ಹುಟ್ಟುತ್ತವೆ. ಹ್ಯಾವ್ ಎಲ್ಲಿ, ಹ್ಯಾಸ್ ಎಲ್ಲಿ ಎಂಬುದೂ ತಿಳಿದಿರಬೇಕು. ಅದು ಒಂದೇ ತರಗತಿಯ ಕೆಲಸ.

ವಿ-3 ಪಟ್ಟಿ ಬಾಯಿಪಾಠ ಮಾಡಿಸಲೇಬೇಕೇ?

ಮಾಡಿಸಲೇಬೇಕು. ಮಗ್ಗಿ ಬಿಟ್ಟು ಗುಣಾಕಾರ ಕಲಿಯಲು ಆಗದ ಹಾಗೆ ಇದೂ. ಆದರೆ ಗೈಡಿನಲ್ಲಿ ಇರುವಂತೆ ಎ ಇಂದ ಜೆಡ್ ತನಕ ಬೇಡ. ಸದ್ದಿನ ಪ್ರಕಾರ ಗುಂಪು ಮಾಡಿ. ಬದಲಾಗದವು: ಪುಟ್–ಪುಟ್–ಪುಟ್, ಕಟ್–ಕಟ್–ಕಟ್. ಎರಡನೆಯದು ಮೂರನೆಯದು ಒಂದೇ ಆಗಿರುವವು: ಬೈ–ಬಾಟ್–ಬಾಟ್, ಬ್ರಿಂಗ್–ಬ್ರಾಟ್–ಬ್ರಾಟ್, ಸೆಲ್–ಸೋಲ್ಡ್–ಸೋಲ್ಡ್. ಮೂರೂ ಬೇರೆಯಾದವು: ರೈಟ್–ರೋಟ್–ರಿಟನ್, ಟೇಕ್–ಟುಕ್–ಟೇಕನ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್. ಮೊದಲನೆಯದೂ ಮೂರನೆಯದೂ ಒಂದೇ ಆಗಿರುವ ಪುಟ್ಟ ಗುಂಪೂ ಇದೆ: ಕಮ್–ಕೇಮ್–ಕಮ್, ರನ್–ರ‍್ಯಾನ್–ರನ್. “ಹ್ಯಾಸ್ ಕೇಮ್” ಎಂಬ ತಪ್ಪು ನಮ್ಮ ಕಡೆ ಎಷ್ಟು ಬೇರೂರಿದೆಯೆಂದರೆ ಕಮ್ ಒಂದಕ್ಕೇ ಒಂದು ದಿನ ಕೊಟ್ಟರೂ ನಷ್ಟವಿಲ್ಲ.

ಹೆಸರಲ್ಲಿ ‘ಪ್ರೆಸೆಂಟ್’ ಯಾಕೆ? ಕೆಲಸ ಮುಗಿದುಹೋಗಿದೆಯಲ್ಲ?

ಜಾಣ ಮಕ್ಕಳೇ ಕೇಳುವ ಪ್ರಶ್ನೆ ಇದು. “ಸುಮ್ಮನೆ ಬರಕೊಳ್ಳಿ” ಎಂದು ದಾಟಿಸಬೇಡಿ.

ಹ್ಯಾನ್ಸ್ ರೈಶೆನ್‌ಬಾಖ್ ಎಂಬ ತತ್ವಶಾಸ್ತ್ರಜ್ಞ 1947ರಲ್ಲಿ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟ. ಪ್ರತಿ ವಾಕ್ಯದಲ್ಲೂ ಮೂರು ಬಿಂದುಗಳಿವೆ: ಘಟನೆ ನಡೆದ ಹೊತ್ತು, ಮಾತಾಡುವ ಹೊತ್ತು, ಮತ್ತು ಮಾತಾಡುವವನು ಎಲ್ಲಿ ನಿಂತು ಘಟನೆಯನ್ನು ನೋಡುತ್ತಿದ್ದಾನೆ ಎಂಬ ಹೊತ್ತು. ಸಿಂಪಲ್ ಪಾಸ್ಟ್‌ನಲ್ಲಿ ನೋಡುವವನು ಘಟನೆಯ ಜೊತೆಗೇ ಹಿಂದೆ ಹೋಗಿ ನಿಂತಿರುತ್ತಾನೆ. ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ಘಟನೆ ಹಿಂದೆ, ನೋಡುವವನು ಇಲ್ಲೇ, ಈಗ. ಎಂಟನೇ ಕ್ಲಾಸಿನವರಿಗೆ ತತ್ವಶಾಸ್ತ್ರಜ್ಞನ ಹೆಸರು ಬೇಡ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಬ್ಬ ಹುಡುಗನನ್ನು ‘ನಿನ್ನೆ’ಯಲ್ಲೂ ಇನ್ನೊಬ್ಬನನ್ನು ‘ಈಗ’ದಲ್ಲೂ ನಿಲ್ಲಿಸಿದರೆ ಸಾಕು.

ಇದರ ಬೆನ್ನಿಗೇ ಬರುವ ಪ್ರಶ್ನೆ, “ಹ್ಯಾವ್ ಅಂದ್ರೆ ‘ನನ್ನ ಹತ್ರ ಇದೆ’ ಅಂತಲ್ವಾ?” ಹೌದು, ಮೂಲ ಅದೇ. ಪತ್ರ ಬರೆದು ಮುಗಿದ ಸ್ಥಿತಿಯಲ್ಲಿ ನನ್ನ ಬಳಿ ಇದೆ ಎಂಬಂಥ ಹಳೆಯ ವಾಕ್ಯರಚನೆಯಿಂದ ನಿಧಾನಕ್ಕೆ “ಐ ಹ್ಯಾವ್ ರಿಟನ್ ದಿ ಲೆಟರ್” ಬಂತು. ಹೋಗು, ಬಾ ಎಂಬಂಥ ಚಲನೆಯ ಪದಗಳಿಗೆ ಹಳೆಯ ಇಂಗ್ಲಿಷಿನಲ್ಲಿ ಹ್ಯಾವ್ ಬದಲು ‘ಬಿ’ ಬರುತ್ತಿತ್ತು, ನಮ್ಮ ‘ಬಂದು ಇದ್ದಾನೆ’ಯ ಹಾಗೇ. “ಹಿ ಈಸ್ ಗಾನ್” ಅದರ ಉಳಿಕೆ.

“ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ” ಯಾಕೆ ತಪ್ಪು? ಕನ್ನಡದಲ್ಲಿ “ನಿನ್ನೆಯೇ ಹೇಳಿದ್ದೇನಲ್ಲ” ಅನ್ನಬಹುದಲ್ಲ?

ಅನ್ನಬಹುದು, ಮತ್ತು ತಪ್ಪಿನ ಬೇರು ಅಲ್ಲೇ ಇದೆ. ಕನ್ನಡಕ್ಕೆ ನಿನ್ನೆಯನ್ನೂ ಇದ್ದೇನೆಯನ್ನೂ ಒಂದೇ ವಾಕ್ಯದಲ್ಲಿ ಕೂರಿಸಲು ಅಡ್ಡಿಯಿಲ್ಲ. ಮಾತಿನಲ್ಲಿ “ಅವ ನಿನ್ನೆ ಬಂದಿಲ್ಲ” ಎಂದೂ ಹೇಳುವವರಿದ್ದಾರೆ, ಮೇಲೆ ಹೇಳಿದ ‘ಇಲ್ಲ’ದ ಉಪಾಯ ಸೋರುವುದು ಇಲ್ಲೇ. ಜರ್ಮನ್, ಫ್ರೆಂಚ್ ಭಾಷೆಗಳಿಗೂ ‘ನಿನ್ನೆ’ ಜೊತೆ ಪರ್ಫೆಕ್ಟ್ ಒಗ್ಗುತ್ತದೆ. ಮಡಿವಂತಿಕೆ ಇಂಗ್ಲಿಷಿನದು. ಹಾಗಾಗಿ “ಕನ್ನಡ ಗೊತ್ತಿದ್ದರೆ ಸಾಕು” ಎಂಬ ಮಾತು ಇಲ್ಲಿಗೆ ನಿಲ್ಲುತ್ತದೆ. ಇದನ್ನು ನಿಯಮವಾಗಿಯೇ ಕಲಿಸಬೇಕು: ಮುಗಿದುಹೋದ ಹೊತ್ತನ್ನು ಹೆಸರಿಟ್ಟು ಹೇಳಿದರೆ ಹ್ಯಾವ್ ಬರುವಂತಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019, ವೆನ್ ಐ ವಾಸ್ ಸ್ಮಾಲ್, ಇವೆಲ್ಲ ಅದೇ ಗುಂಪು. “ವೆನ್” ಎಂದು ಶುರುವಾಗಿ ನಡೆದದ್ದನ್ನು ಕೇಳುವ ಪ್ರಶ್ನೆಯೂ ಅದೇ ಗುಂಪು. “ವೆನ್ ಹ್ಯಾವ್ ಯು ಕಮ್?” ಅಲ್ಲ, “ವೆನ್ ಡಿಡ್ ಯು ಕಮ್?”

ಇದಕ್ಕೆ ಮಲೆನಾಡಿನಲ್ಲಿ ಸಿಗುವಷ್ಟು ಒಳ್ಳೆಯ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ: ಮಳೆ ರಜೆ. ಜುಲೈ ತಿಂಗಳಲ್ಲಿ ಬೆಳಗ್ಗೆ ಎದ್ದ ಮಗುವಿಗೆ ಬೇಕಾದ ಸುದ್ದಿ ಒಂದೇ.

“ದಿ ಡಿಸಿ ಹ್ಯಾಸ್ ಡಿಕ್ಲೇರ್ಡ್ ಎ ಹಾಲಿಡೇ!”
“ರಿಯಲೀ? ವೆನ್ ಡಿಡ್ ಯು ಹಿಯರ್?”
“ಅವರ್ ಟೀಚರ್ ಸೆಂಟ್ ಎ ಮೆಸೇಜ್ ಲಾಸ್ಟ್ ನೈಟ್.”

ಮೊದಲ ಸಾಲು ಸುದ್ದಿ. ರಜೆ ಈಗ ಕೈಯಲ್ಲಿದೆ, ಕಂಬಳಿ ಮತ್ತೆ ಎಳೆದುಕೊಳ್ಳಬಹುದು. ಯಾವಾಗ, ಹೇಗೆ, ಯಾರಿಂದ ಎಂಬ ವಿವರಕ್ಕೆ ಇಳಿದ ಕೂಡಲೇ ಸಿಂಪಲ್ ಪಾಸ್ಟ್. ಇಂಗ್ಲಿಷ್ ಸುದ್ದಿ ಓದುವವರೂ ಹೀಗೇ ಮಾಡುತ್ತಾರೆ: ಮೊದಲ ವಾಕ್ಯ ಹ್ಯಾಸ್, ಆಮೇಲಿನ ವಿವರ ಪಾಸ್ಟ್. ಈ ಮೂರು ಸಾಲನ್ನು ಮಕ್ಕಳಿಂದ ಆಡಿಸಿ, ಆಮೇಲೆ ಅವರವರ ಮನೆಯ ಸುದ್ದಿ ಹಾಕಿಸಿ. ದನ ಕರು ಹಾಕಿದೆ, ಮರ ಬಿದ್ದು ಕರೆಂಟ್ ಹೋಗಿದೆ, ಅಕ್ಕನಿಗೆ ಕೆಲಸ ಸಿಕ್ಕಿದೆ.

“ದಿಸ್ ಮಾರ್ನಿಂಗ್”, “ಟುಡೇ” ಜೊತೆ ಯಾವುದು ಸರಿ?

ಗಡಿಯಾರ ನೋಡಿ. ಬೆಳಗ್ಗೆ ಹತ್ತಕ್ಕೆ “ಐ ಹ್ಯಾವ್ ಡ್ರಂಕ್ ಟೂ ಕಪ್ಸ್ ಆಫ್ ಕಾಫಿ ದಿಸ್ ಮಾರ್ನಿಂಗ್” ಸರಿ, ಮೂರನೆಯದಕ್ಕೆ ಇನ್ನೂ ಹೊತ್ತಿದೆ. ಅದೇ ಮಾತನ್ನು ಸಂಜೆ ಹೇಳುವುದಾದರೆ “ಐ ಡ್ರ್ಯಾಂಕ್”. ಟುಡೇ, ದಿಸ್ ವೀಕ್, ದಿಸ್ ಇಯರ್ ಇನ್ನೂ ಮುಗಿಯದ ಹೊತ್ತುಗಳಾದ್ದರಿಂದ ಹ್ಯಾವ್‌ಗೆ ಜಾಗವಿದೆ.

ಸಿನ್ಸ್, ಫಾರ್ ಎರಡನ್ನೂ ಮಕ್ಕಳು ಕಲಸಿಬಿಡುತ್ತಾರೆ. ಏನು ಮಾಡುವುದು?

ಮಕ್ಕಳಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲೂ “ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್” ದಿನಾ ಕೇಳಿಬರುತ್ತದೆ. ಇದರಲ್ಲಿ ಎರಡು ತಪ್ಪು ಒಟ್ಟಿಗೆ ಕೂತಿವೆ, ಎರಡಕ್ಕೂ ಕಾರಣ ನಮ್ಮ ‘ದಿಂದ’.

“ಹತ್ತು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದೇನೆ.” ಕನ್ನಡದಲ್ಲಿ ಕ್ರಿಯಾಪದ ವರ್ತಮಾನದ್ದು, ಆದ್ದರಿಂದ ಬಾಯಿಗೆ “ಐ ಆ್ಯಮ್ ವರ್ಕಿಂಗ್” ಬರುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದು, ಅದರ ಅವಧಿಯನ್ನೂ ಹೇಳುತ್ತಿದ್ದರೆ ಇಂಗ್ಲಿಷಿಗೆ ಹ್ಯಾವ್ ಬೇಕೇ ಬೇಕು: “ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಟೆನ್ ಇಯರ್ಸ್”, ಅಥವಾ “ಐ ಹ್ಯಾವ್ ಬೀನ್ ವರ್ಕಿಂಗ್”. ಇದು ಮೊದಲ ತಪ್ಪು, ಇದೇ ದೊಡ್ಡದು. ಸಿನ್ಸ್, ಫಾರ್ ಗೊಂದಲ ಇದರ ಮುಂದೆ ಚಿಕ್ಕದು. ಆದರೆ ತರಗತಿಗಳಲ್ಲಿ ಚಿಕ್ಕದನ್ನೇ ಗಂಟೆಗಟ್ಟಲೆ ತಿದ್ದುತ್ತೇವೆ.

ಎರಡನೆಯದು: ‘ಸೋಮವಾರದಿಂದ’ ಎಂಬುದಕ್ಕೂ ‘ಮೂರು ದಿನದಿಂದ’ ಎಂಬುದಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಎರಡು. ಪರೀಕ್ಷೆ ಸುಲಭ. “ಯಾವಾಗಿನಿಂದ?” ಎಂಬ ಪ್ರಶ್ನೆಗೆ ಉತ್ತರವಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ದಸರಾ, ಸಿನ್ಸ್ 2014. “ಎಷ್ಟು ಕಾಲ?” ಎಂಬುದಕ್ಕೆ ಉತ್ತರವಾದರೆ ಫಾರ್: ಫಾರ್ ತ್ರೀ ಡೇಸ್, ಫಾರ್ ಎ ಲಾಂಗ್ ಟೈಮ್.

ಊರಿನ ಇತಿಹಾಸ ಇಲ್ಲಿ ಸೊಗಸಾಗಿ ಬಳಕೆಗೆ ಬರುತ್ತದೆ, ಯಾಕೆಂದರೆ ಒಂದೇ ಇಸವಿಯನ್ನು ಎರಡು ರೀತಿ ಹೇಳಿಸಬಹುದು. ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ: “ದಿ ಏರ್ಪೋರ್ಟ್ ಓಪನ್ಡ್ ಇನ್ 2023.” ಆದರೆ “ಶಿವಮೊಗ್ಗ ಹ್ಯಾಸ್ ಹ್ಯಾಡ್ ಆ್ಯನ್ ಏರ್ಪೋರ್ಟ್ ಸಿನ್ಸ್ 2023.” ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ: “ದೆ ಕಂಪ್ಲೀಟೆಡ್ ದಿ ಡ್ಯಾಮ್ ಇನ್ 1964.” “ದಿ ಡ್ಯಾಮ್ ಹ್ಯಾಸ್ ಸ್ಟುಡ್ ದೇರ್ ಸಿನ್ಸ್ 1964.” ಶಿಮೊಗ ಎಂಬ ಇಂಗ್ಲಿಷ್ ಹೆಸರು ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. ಅದರ ಎರಡು ವಾಕ್ಯಗಳನ್ನು ಮಕ್ಕಳೇ ಮಾಡಲಿ.

ಫಾರ್ ಕಂಡರೆ ಹ್ಯಾವ್ ಹಾಕಬೇಕು ಎಂದು ಹೇಳಿಕೊಡಬಹುದೇ?

ಬೇಡ. ತಾತ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದಾರೆ. “ಹಿ ವರ್ಕ್ಡ್ ದೇರ್ ಫಾರ್ ತರ್ಟಿ ಇಯರ್ಸ್.” ಫಾರ್ ಇದೆ, ಹ್ಯಾಸ್ ಇಲ್ಲ. ಕೆಲಸ ಇನ್ನೂ ನಡೆದಿದೆಯೇ ಎಂಬುದೇ ಪ್ರಶ್ನೆ, ಫಾರ್ ಇದೆಯೇ ಎಂಬುದಲ್ಲ.

ಜಸ್ಟ್, ಆಲ್ರೆಡಿ, ಯೆಟ್ ಹೇಗೆ ಕಲಿಸುವುದು?

ಅಡಿಕೆ ಸುಗ್ಗಿಯಲ್ಲಿ ಕಲಿಸಿ. ತೋಟ ಇರುವ ಮನೆಯ ಮಕ್ಕಳಿಗೂ, ಸುಲಿಯಲು ಹೋಗುವ ಮನೆಯ ಮಕ್ಕಳಿಗೂ ಕೆಲಸದ ಕ್ರಮ ಬಾಯಲ್ಲೇ ಇರುತ್ತದೆ: ಕೊನೆ ತೆಗೆಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮಾರುವುದು. ಪಿಕ್ಡ್, ಪೀಲ್ಡ್, ಬಾಯ್ಲ್ಡ್, ಡ್ರೈಡ್, ಕೊನೆಗೆ ಸೋಲ್ಡ್. ಮೊದಲ ನಾಲ್ಕಕ್ಕೆ ‘ಇಡಿ’ ಸೇರಿಸಿದರೆ ಸಾಕು, ಪಟ್ಟಿ ನೋಡಬೇಕಿಲ್ಲ.

ಈ ಮೂರೂ ಪದಗಳಿಗೆ ಕನ್ನಡದಲ್ಲಿ ಸಿದ್ಧ ಜೋಡಿಗಳಿವೆ. “ಸುಲಿದಾಯ್ತು” ಅಂದರೆ “ವಿ ಹ್ಯಾವ್ ಆಲ್ರೆಡಿ ಪೀಲ್ಡ್ ಇಟ್”. ಕ್ರಿಯಾಪದಕ್ಕೆ ಅಂಟಿದ ಆ ‘ಆಯ್ತು’ ಆಲ್ರೆಡಿಯ ಕೆಲಸ ಮಾಡುತ್ತಿದೆ. “ಇನ್ನೂ ಬೇಯ್ಸಿಲ್ಲ” ಅಂದರೆ “ವಿ ಹ್ಯಾವಂಟ್ ಬಾಯ್ಲ್ಡ್ ಇಟ್ ಯೆಟ್”. ‘ಇನ್ನೂ’ ಕನ್ನಡದಲ್ಲಿ ಮುಂದೆ ಬರುತ್ತದೆ, ಯೆಟ್ ವಾಕ್ಯದ ತುದಿಗೆ ಹೋಗುತ್ತದೆ. ಇದನ್ನು ಹೇಳದಿದ್ದರೆ “ವಿ ಯೆಟ್ ಹ್ಯಾವಂಟ್” ಗ್ಯಾರಂಟಿ. “ಈಗಷ್ಟೇ ಒಲೆಯಿಂದ ಇಳಿಸಿದ್ದು” ಅಂದರೆ “ವಿ ಹ್ಯಾವ್ ಜಸ್ಟ್ ಟೇಕನ್ ಇಟ್ ಆಫ್ ದಿ ಫೈರ್”.

ಇಬ್ಬಿಬ್ಬರನ್ನು ಕೂರಿಸಿ ಕೇಳಿಸಿ: “ಹ್ಯಾವ್ ಯು ಪಿಕ್ಡ್ ಯುವರ್ ಅಡಿಕೆ ಯೆಟ್?” ಅಡಿಕೆಗೆ ಇಂಗ್ಲಿಷ್ ಪದ ಈ ಪಾಠದಲ್ಲಿ ಬೇಕಾಗಿಲ್ಲ, ಒಂದು ಹೊತ್ತಿಗೆ ಒಂದು ಕಷ್ಟ ಸಾಕು. ಉತ್ತರ ನಿಜವಾದದ್ದಾಗಿರಲಿ. ಕೊನೆಗಾರ ಸಿಗದೆ ಕೊಯ್ಲು ನಿಂತ ಮನೆಯ ಹುಡುಗ “ನೋ, ದಿ ಕೊನೆಗಾರ ಹ್ಯಾಸಂಟ್ ಕಮ್ ಯೆಟ್” ಅಂದರೆ ಆ ವಾಕ್ಯವನ್ನು ಅವನು ಮರೆಯುವುದಿಲ್ಲ, ಅವನ ಅಪ್ಪನೂ ಮರೆಯುವುದಿಲ್ಲ.

ಅಮೆರಿಕದವರು “ಡಿಡ್ ಯು ಈಟ್ ಯೆಟ್?” ಅನ್ನುತ್ತಾರಲ್ಲ?

ಅನ್ನುತ್ತಾರೆ, ಅವರಲ್ಲಿ ಅದು ತಪ್ಪಲ್ಲ. ಜಸ್ಟ್, ಆಲ್ರೆಡಿ, ಯೆಟ್ ಜೊತೆ ಅಮೆರಿಕನ್ ಇಂಗ್ಲಿಷ್ ಸಿಂಪಲ್ ಪಾಸ್ಟ್ ಅನ್ನೂ ಸಲೀಸಾಗಿ ಬಳಸುತ್ತದೆ. ನಮ್ಮ ಶಾಲಾ ವ್ಯಾಕರಣ ಬ್ರಿಟಿಷರ ದಾರಿಯದು, ಪರೀಕ್ಷೆಗೆ ಅದನ್ನೇ ಇಟ್ಟುಕೊಳ್ಳಿ. ಸಿನಿಮಾ ನೋಡಿ ಬಂದ ಹುಡುಗ ಹಾಗೆ ಮಾತಾಡಿದರೆ ಕೆಂಪು ಗೆರೆ ಎಳೆಯಬೇಡಿ.

ಗಾನ್, ಬೀನ್ ವ್ಯತ್ಯಾಸ?

“ಅಮ್ಮ ಸಾಗರಕ್ಕೆ ಹೋಗಿದ್ದಾಳೆ”: ಈಗ ಮನೆಯಲ್ಲಿಲ್ಲ, “ಹ್ಯಾಸ್ ಗಾನ್ ಟು ಸಾಗರ”. “ಅಮ್ಮ ಸಾಗರಕ್ಕೆ ಹೋಗಿಬಂದಿದ್ದಾಳೆ”: “ಹ್ಯಾಸ್ ಬೀನ್ ಟು ಸಾಗರ”. ‘ಹೋಗಿಬಂದು’ ಹೊಂದಿದರೆ ಬೀನ್, ಅಷ್ಟೇ.

ಎವರ್, ನೆವರ್ ಬಳಸಿ ಅನುಭವ ಕೇಳುವುದನ್ನು ಹೇಗೆ ಅಭ್ಯಾಸ ಮಾಡಿಸುವುದು?

ಎರಡು ಹೆಜ್ಜೆಯಲ್ಲಿ. ಮೊದಲ ಪ್ರಶ್ನೆ ಹ್ಯಾವ್, ಎರಡನೆಯದು ಡಿಡ್. ಗೈಡುಗಳು ಮೊದಲ ಹೆಜ್ಜೆಗೇ ನಿಲ್ಲುತ್ತವೆ, ನಿಜವಾದ ಮಾತುಕತೆ ನಿಲ್ಲುವುದಿಲ್ಲ.

“ಹ್ಯಾವ್ ಯು ಎವರ್ ಬೀನ್ ಟು ಸಿಗಂದೂರು?”
“ಯೆಸ್, ಐ ಹ್ಯಾವ್.”
“ಡಿಡ್ ಯು ಗೋ ಬೈ ಲಾಂಚ್ ಆರ್ ಬೈ ದಿ ಬ್ರಿಡ್ಜ್?”
“ಬೈ ಲಾಂಚ್. ವಿ ವೆಂಟ್ ಇನ್ 2022.”

ಶರಾವತಿ ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಲಾಂಚಿನಲ್ಲಿ ಹೋದವರು, ಸೇತುವೆ ಮೇಲೆ ಹೋದವರು, ಎರಡೂ ಇಲ್ಲದವರು ಎಂದು ತರಗತಿ ತಾನಾಗಿ ಮೂರು ಪಾಲಾಗುತ್ತದೆ, ಮಾತಿಗೆ ಬರವಿಲ್ಲ. ಜೋಗವನ್ನೂ ಕೇಳಿ. ದೂರದ ಪ್ರವಾಸಿಗರು ಬಂದು ನೋಡುವ 253 ಮೀಟರಿನ ಜಲಪಾತವನ್ನು ಪಕ್ಕದ ತಾಲೂಕಿನ ಮಕ್ಕಳೇ ನೋಡಿರುವುದಿಲ್ಲ. “ಐ ಹ್ಯಾವ್ ನೆವರ್ ಸೀನ್ ಜೋಗ್” ಎಂಬುದು ಅವರ ಪಾಲಿಗೆ ಪುಸ್ತಕದ ವಾಕ್ಯವಲ್ಲ.

ತೀರಿಹೋದವರ ಬಗ್ಗೆ ಹ್ಯಾಸ್ ಬಳಸಬಹುದೇ?

ಅವರ ಬದುಕಿನ ಅನುಭವ, ಸಾಧನೆ ಹೇಳುವಾಗ ಸಾಮಾನ್ಯವಾಗಿ ಇಲ್ಲ. ಕುಪ್ಪಳಿಯಲ್ಲಿ ಬೆಳೆದ ಕುವೆಂಪು 1994ರಲ್ಲಿ ತೀರಿಕೊಂಡರು. “ಕುವೆಂಪು ವನ್ ದಿ ಜ್ಞಾನಪೀಠ”, “ಹ್ಯಾಸ್ ವನ್” ಅಲ್ಲ. ಆದರೆ ಕರ್ತೃಪದವನ್ನು ಬದಲಿಸಿ ನೋಡಿ: “ಕನ್ನಡ ರೈಟರ್ಸ್ ಹ್ಯಾವ್ ವನ್ ದಿ ಜ್ಞಾನಪೀಠ ಏಯ್ಟ್ ಟೈಮ್ಸ್.” ಎಂಟರಲ್ಲಿ ಹಲವರು ಈಗಿಲ್ಲ, ಆದರೂ ವಾಕ್ಯ ಸರಿ. ಕನ್ನಡದ ಬರಹಗಾರರ ಸಾಲು ಮುಂದುವರಿದಿದೆ, ಒಂಬತ್ತನೆಯದು ಬರಬಹುದು. ಮೇಲ್ತರಗತಿಯ ಮಕ್ಕಳಿಗೆ ಈ ಎರಡು ವಾಕ್ಯ ಕೊಟ್ಟು ಸುಮ್ಮನೆ ಕಾಯಿರಿ, ಕಾರಣ ಅವರೇ ಹೇಳುತ್ತಾರೆ.

ಪರ್ಫೆಕ್ಟ್ ಕಂಟಿನ್ಯೂಯಸ್ ಅನ್ನೂ ಜೊತೆಗೇ ಕಲಿಸಬೇಕೇ?

ಅದೇ ವಾರ ಬೇಡ. ಕಲಿಸುವಾಗ ಆಗುಂಬೆಯ ಮಳೆ ಸಾಕು: “ಇಟ್ ಹ್ಯಾಸ್ ಬೀನ್ ರೇನಿಂಗ್ ಸಿನ್ಸ್ ಮಂಡೇ.” ಕೆಲಸ ನಡೆಯುತ್ತಲೇ ಇದೆ ಎಂಬುದಕ್ಕೆ ಒತ್ತು ಇದ್ದರೆ ಇದು. ಎಷ್ಟು ಮುಗಿದಿದೆ ಎಂಬ ಲೆಕ್ಕ ಹೇಳುವುದಾದರೆ ಸಾದಾ ಪರ್ಫೆಕ್ಟ್: “ಶಿ ಹ್ಯಾಸ್ ಬೀನ್ ಪೀಲಿಂಗ್ ಅಡಿಕೆ ಆಲ್ ನೈಟ್”, “ಶಿ ಹ್ಯಾಸ್ ಪೀಲ್ಡ್ ಫೋರ್ ಡಬ್ಬಾಸ್”. ‘ಗೊತ್ತಿದೆ’ ಎಂಬರ್ಥದ ನೋ, ‘ಹತ್ರ ಇದೆ’ ಎಂಬರ್ಥದ ಹ್ಯಾವ್, ಲೈಕ್ ಎಂಬಂಥ ಸ್ಥಿತಿಯ ಪದಗಳಿಗೆ ಕಂಟಿನ್ಯೂಯಸ್ ಒಗ್ಗುವುದಿಲ್ಲ. “ಐ ಆ್ಯಮ್ ನೋಯಿಂಗ್ ಹಿಮ್ ಸಿನ್ಸ್ ಫೈವ್ ಇಯರ್ಸ್” ಅಲ್ಲ, “ಐ ಹ್ಯಾವ್ ನೋನ್ ಹಿಮ್ ಫಾರ್ ಫೈವ್ ಇಯರ್ಸ್”.

“ಹ್ಯಾವ್ ಹ್ಯಾಡ್” ನೋಡಿ ಮಕ್ಕಳು ನಗುತ್ತಾರೆ. ಅದು ಸರಿಯೇ?

ಸರಿ. ಮೊದಲನೆಯದು ಹೆಲ್ಪಿಂಗ್ ವರ್ಬ್, ಎರಡನೆಯದು ಊಟ. “ಐ ಹ್ಯಾವ್ ಹ್ಯಾಡ್ ಮೈ ಲಂಚ್.” ನಗಲಿ, ನೆನಪಿರುತ್ತದೆ.

ಓದುವಾಗ ಬರುತ್ತದೆ, ಕೇಳುವಾಗ ಯಾಕೆ ಗೊತ್ತಾಗುವುದಿಲ್ಲ?

ಮಾತಿನಲ್ಲಿ ಹ್ಯಾವ್ ಬಹುಪಾಲು ನುಂಗಿಹೋಗುತ್ತದೆ. “ಐವ್ ಸೀನ್”, “ದೆವ್ ಗಾನ್”. “ಹೀಸ್” ಅಂದಾಗ ಅದು ಈಸ್ ಇರಬಹುದು, ಹ್ಯಾಸ್ ಇರಬಹುದು. ಮುಂದಿನ ಪದವೇ ಸುಳಿವು: “ಹೀಸ್ ಈಟಿಂಗ್” ಈಸ್, “ಹೀಸ್ ಈಟನ್” ಹ್ಯಾಸ್. ದಿನಕ್ಕೆ ಐದು ವಾಕ್ಯ ಹೀಗೆ ಉಚ್ಚರಿಸಿ, ಯಾವುದೆಂದು ಕೈಯೆತ್ತಿಸಿ.

ಪ್ರತಿ ತಪ್ಪನ್ನೂ ತಿದ್ದಬೇಕೇ?

ಮಗು ಏನನ್ನೋ ಹೇಳಲು ಹೊರಟಾಗ ತಡೆಯಬೇಡಿ. “ಸಾರ್, ಐ ಹ್ಯಾವ್ ಸೀನ್ ಎಲಿಫೆಂಟ್ ಯೆಸ್ಟರ್ಡೇ ಇನ್ ಸಕ್ರೆಬೈಲು” ಎಂದು ಕಣ್ಣರಳಿಸಿ ಹೇಳಿದರೆ “ಓ, ಯು ಸಾ ಆ್ಯನ್ ಎಲಿಫೆಂಟ್ ಯೆಸ್ಟರ್ಡೇ? ವಾಟ್ ವಾಸ್ ಇಟ್ ಡೂಯಿಂಗ್?” ಎಂದು ಸರಿಯಾದ ರೂಪವನ್ನು ಪ್ರಶ್ನೆಯೊಳಗೇ ಸೇರಿಸಿ ವಾಪಸ್ ಕೊಡಿ. ಬರವಣಿಗೆಯಲ್ಲಿ ತಿದ್ದಿ, ಆದರೆ ಒಂದು ವಾರಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ‘ಯೆಸ್ಟರ್ಡೇ’ ವಾರದಲ್ಲಿ ‘ಸಿನ್ಸ್’ ಅನ್ನು ಕಂಡೂ ಕಾಣದಂತೆ ಬಿಡಿ. ಅದರ ಸರದಿ ಮುಂದಿನ ವಾರ.